ಕಾಲು ಕಳೆದುಕೊಂಡ ಸೈನಿಕರ ಚಲನಶಕ್ತಿಯನ್ನು ಅಳೆಯುವ ಬಗೆ

ಬೆಳಗಾವಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿರುವ ಊರು. ಸುತ್ತಲಿನ ಚಿಕ್ಕೋಡಿ, ಹುಕ್ಕೇರಿ, ಖಾನಾಪುರ ತಾಲೂಕುಗಳ ಹಳ್ಳಿಗಳಲ್ಲಿ ಫೌಜಿಯ ಮನೆಗಳು ಸಾಕಷ್ಟಿವೆ. ಹೀಗಾಗಿ ನೆಲಬಾಂಬಿನ ಸ್ಫೋಟದಲ್ಲಿ, ಎತ್ತರದ ಗಡಿಯ ಹಿಮಗಡಿತದಲ್ಲಿ, ರಜೆಗೆ ಬಂದಾಗ ನಡೆದ ರಸ್ತೆ ಅಪಘಾತದಲ್ಲಿ ಅಥವಾ ನಿವೃತ್ತಿಯ ನಂತರ ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ಈ ಭಾಗದ ದವಾಖಾನೆಗಳ ಫಿಸಿಯೋಥೆರಪಿ ವಿಭಾಗಕ್ಕೆ ಬರುತ್ತಲೇ ಇರುತ್ತಾರೆ. ಸೇವೆಯಲ್ಲಿರುವಾಗ ಕಾಲು ಕಳೆದುಕೊಂಡವರಿಗೆ ಸಾಮಾನ್ಯವಾಗಿ 1944ರಲ್ಲಿ ಆರಂಭವಾದ ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್‌ನಲ್ಲಿ ಕೃತಕ ಕಾಲು ಜೋಡಣೆಯಾಗುತ್ತದೆ. ಆದರೆ ಊರಿಗೆ ಮರಳಿದ ಮೇಲಿನ ವರ್ಷಗಳಲ್ಲಿ ಅವರ ನಡಿಗೆ ಸುಧಾರಿಸುತ್ತಿದೆಯೋ ಹದಗೆಡುತ್ತಿದೆಯೋ ಎಂಬುದನ್ನು ಗಮನಿಸುವ ಹೊಣೆ ಇಲ್ಲಿನವರದು. ಕೇಸ್ ಪೇಪರಿನ ಮೇಲೆ ‘ಚೆನ್ನಾಗಿ ನಡೆಯುತ್ತಾರೆ’ ಎಂದು ಬರೆದರೆ ಆ ಹೊಣೆ ತೀರುವುದಿಲ್ಲ. ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ, ಯಾವ ಕಾಲು ಧರಿಸಿ, ಯಾವ ಆಸರೆಯೊಂದಿಗೆ ನಡೆದರು ಎಂಬುದು ಅಂಕಿಯಲ್ಲಿ ಇರಬೇಕು.

ಸೈನಿಕರ ವಿಷಯದಲ್ಲಿ ಒಂದು ವಿಶೇಷ ತೊಡಕಿದೆ. ಪುನರ್ವಸತಿ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಬಹುತೇಕ ಪರೀಕ್ಷೆಗಳು ವಯಸ್ಸಾದ, ನಿಧಾನವಾಗಿ ನಡೆಯುವ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಇಪ್ಪತ್ತೈದು ವರ್ಷದ, ಕಾಲು ಹೋಗುವ ಮುಂಚೆ ದಿನವೂ ಓಡುತ್ತಿದ್ದ ಜವಾನನಿಗೆ ಅವುಗಳನ್ನು ಕೊಟ್ಟರೆ ಆತ ಮೊದಲ ಸಲವೇ ಪೂರ್ಣ ಅಂಕ ಪಡೆಯುತ್ತಾನೆ, ಮುಂದೆ ಅಳೆಯಲು ಏನೂ ಉಳಿಯುವುದಿಲ್ಲ. ಅದೇ ಮನುಷ್ಯ ಅರವತ್ತು ದಾಟಿ, ಮತ್ತೊಂದು ಕಾಲಿನ ಮೊಣಕಾಲು ಸವೆದ ಮೇಲೆ ಬಂದಾಗ ಜವಾನರ ಪರೀಕ್ಷೆ ಅವನಿಗೆ ಅಪಾಯಕಾರಿಯಾಗುತ್ತದೆ. ಆದ್ದರಿಂದ ಅಳೆಯಬೇಕಾದ ವ್ಯಕ್ತಿಯ ಸಾಮರ್ಥ್ಯದ ಮೇಲೂ ಕೆಳಗೂ ಜಾಗವಿರುವ ಪರೀಕ್ಷೆಯನ್ನು ಆರಿಸುವುದೇ ಈ ಕೆಲಸದ ಮುಖ್ಯ ಭಾಗವೆಂದು ನಾನು ತಿಳಿಯುತ್ತೇನೆ. ಸ್ಟಾಪ್‌ವಾಚ್ ಒತ್ತುವುದು ಯಾರಿಗಾದರೂ ಬರುತ್ತದೆ.

ಅಳೆಯುವ ಮೊದಲು

ಮೊದಲು ಸಾಕೆಟ್, ಅಂದರೆ ಕೃತಕ ಕಾಲಿನ ಮೇಲ್ತುದಿಯ ಬಟ್ಟಲಿನಂಥ ಭಾಗವನ್ನು ಬಿಚ್ಚಿಸಿ ಸ್ಟಂಪನ್ನು, ಅಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಮೋಟನ್ನು ನೋಡಿ. ಕೆಂಪಾದ ಜಾಗ, ಗುಳ್ಳೆ, ಬಿರುಕು, ಒತ್ತಿದರೆ ನೋವು ಇವುಗಳಲ್ಲಿ ಯಾವುದಾದರೂ ಇದ್ದರೆ ಅಂದು ನಡಿಗೆಯ ಪರೀಕ್ಷೆ ಬೇಡ. ನೋವಿನಿಂದ ಕುಗ್ಗಿದ ಅಂಕಿ ಸಾಮರ್ಥ್ಯದ ಅಂಕಿಯಲ್ಲ, ಮೇಲಾಗಿ ಗಾಯ ಹೆಚ್ಚುತ್ತದೆ. ಸ್ಫೋಟದಲ್ಲಿ ಕಾಲು ಹೋದವರ ಸ್ಟಂಪಿನ ಮಾಂಸದೊಳಗೆ ಅನಗತ್ಯ ಮೂಳೆ ಬೆಳೆಯುವುದು ಅಪರೂಪವಲ್ಲ. ಗಟ್ಟಿಯಾದ ಗಂಟು ಕೈಗೆ ಸಿಕ್ಕು, ಅದೇ ಜಾಗದಲ್ಲಿ ಸಾಕೆಟ್ ಒತ್ತುತ್ತಿದ್ದರೆ ಮೊದಲು ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಸ್ಫೋಟದ ಗಾಯಾಳುಗಳಲ್ಲಿ ಕಿವಿಯ ತಮಟೆ ಹರಿದಿರುವ ಸಾಧ್ಯತೆಯೂ ಇರುವುದರಿಂದ ‘ಶುರು’ ಎಂಬ ಕೂಗು ಅವರಿಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ಕೇಳದಿದ್ದರೆ ಕೈಸನ್ನೆಯಿಂದ ಆರಂಭಿಸಿ ಅದನ್ನು ಬರೆದಿಡಿ, ಮುಂದಿನ ಸಲವೂ ಕೈಸನ್ನೆಯನ್ನೇ ಬಳಸಿ.

ಬರೆದಿಡಬೇಕಾದ ವಿವರಗಳು ಕೆಲವರಿಗೆ ಅತಿಯೆನಿಸಬಹುದು, ಆದರೆ ಎರಡನೆಯ ಅಳತೆಯ ದಿನ ಅವು ಬೇಕಾಗುತ್ತವೆ. ಕಾಲು ಯಾವ ಮಟ್ಟದಲ್ಲಿ ಕತ್ತರಿಸಲ್ಪಟ್ಟಿದೆ, ಅಂದರೆ ಪಾದದ ಗಂಟಿನ ಬಳಿಯೋ, ಮೊಣಕಾಲ ಕೆಳಗೋ, ಮೊಣಕಾಲಿನ ಕೀಲಿನಲ್ಲಿಯೋ, ತೊಡೆಯಲ್ಲಿಯೋ; ಒಂದೇ ಕಾಲೋ ಎರಡೂ ಕಾಲುಗಳೋ; ಯಾವ ಪಾದ ಮತ್ತು ಮಂಡಿಯನ್ನು ಜೋಡಿಸಲಾಗಿದೆ; ಬ್ಯಾಟರಿಯಿಂದ ನಡೆಯುವ ಮಂಡಿಯಾದರೆ ಅಂದು ಚಾರ್ಜ್ ಇತ್ತೇ; ಸಾಕೆಟ್ ಹೊಸದೋ ಹಳೆಯದೋ; ಕಾಲಿಗೆ ಬೂಟೋ ಚಪ್ಪಲಿಯೋ; ಕೈಯಲ್ಲಿ ಕೋಲೋ ಊರುಗೋಲೋ ಎಂಬುದೆಲ್ಲ ಬೇಕು. ಸ್ಟಂಪ್ ದಿನವಿಡೀ ಒಂದೇ ಗಾತ್ರದಲ್ಲಿರುವುದಿಲ್ಲ; ನಡೆದಂತೆ ಅದು ಸೊರಗಿ ಸಾಕೆಟ್ ಸಡಿಲಾಗುತ್ತದೆ, ಆಗ ಮೇಲೊಂದು ಸಾಕ್ಸ್ ಏರಿಸಬೇಕಾಗುತ್ತದೆ. ಹೀಗಾಗಿ ಪರೀಕ್ಷೆಯ ಹೊತ್ತನ್ನೂ ಸಾಕ್ಸಿನ ದಪ್ಪವನ್ನೂ (ಅದನ್ನು ಪ್ಲೈ ಎಂಬ ಲೆಕ್ಕದಲ್ಲಿ ಹೇಳುತ್ತಾರೆ) ನಮೂದಿಸಿ. ಒಂದು ಮಾದರಿ ನಮೂದು ಹೀಗಿರಬಹುದು: ‘ಬೆಳಿಗ್ಗೆ 8.30. ಬಲಗಾಲು, ಮೊಣಕಾಲ ಕೆಳಗೆ. ಸಿಲಿಕೋನ್ ಲೈನರ್, ಪಿನ್ ಲಾಕ್, ಮೇಲೆ ಮೂರು ಪ್ಲೈ ಸಾಕ್ಸ್. ಕ್ಯಾನ್ವಾಸ್ ಬೂಟು. ಎಡಗೈಯಲ್ಲಿ ಕೋಲು. ಫರಸಿ ನೆಲ, ಒಣಗಿದೆ. ಚರ್ಮ ಸರಿಯಿದೆ.’ ಲೈನರ್ ಎಂದರೆ ಸ್ಟಂಪಿಗೂ ಸಾಕೆಟ್ಟಿಗೂ ನಡುವೆ ತೊಡುವ ಮೆತ್ತನೆಯ ಕವಚ, ಪಿನ್ ಲಾಕ್ ಎಂದರೆ ಅದನ್ನು ಸಾಕೆಟ್ಟಿಗೆ ಹಿಡಿದಿಡುವ ಕೊಂಡಿ.

ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ಹೊತ್ತಿನಲ್ಲಿ ಲೈನರಿನೊಳಗೆ ಬೆವರು ನಿಂತು ಸ್ಟಂಪ್ ಜಾರುತ್ತದೆ, ನಡೆಯುವವನು ಹೆಜ್ಜೆಯನ್ನು ನಂಬುವುದಿಲ್ಲ, ವೇಗ ಇಳಿಯುತ್ತದೆ. ಚಳಿಗಾಲದ ಬೆಳಗಿನ ಅಳತೆಯನ್ನು ಬೇಸಿಗೆಯ ಮಧ್ಯಾಹ್ನದ ಅಳತೆಯೊಂದಿಗೆ ಹೋಲಿಸಿ ‘ಶಕ್ತಿ ಕುಂದಿದೆ’ ಎಂದು ತೀರ್ಮಾನಿಸುವುದು ಅನ್ಯಾಯ. ಬೆಳಗಿನ ಒಂದೇ ಹೊತ್ತನ್ನು ಗೊತ್ತುಮಾಡಿಕೊಂಡರೆ ಈ ತಕರಾರು ಅರ್ಧ ತೀರುತ್ತದೆ.

ಮೊದಲ ಮೆಟ್ಟಿಲಿನ ಪರೀಕ್ಷೆ

ಹೊಸ ರೋಗಿಗೆ ಮೊದಲು ಮಾಡಬೇಕಾದುದು ‘ಆಂಪ್ಯುಟಿ ಮೊಬಿಲಿಟಿ ಪ್ರೆಡಿಕ್ಟರ್’. ಅಮೆರಿಕದ ಫಿಸಿಯೋಥೆರಪಿ ತಜ್ಞ ರಾಬರ್ಟ್ ಗೇಲಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ 21 ಅಂಶಗಳಿವೆ. ಕುಳಿತಲ್ಲಿ ಸಮತೋಲನದಿಂದ ಆರಂಭವಾಗಿ ಕುರ್ಚಿಯಿಂದ ಏಳುವುದು, ಕಣ್ಣು ಮುಚ್ಚಿ ನಿಲ್ಲುವುದು, ನೆಲದ ಮೇಲಿನ ವಸ್ತುವನ್ನು ಎತ್ತುವುದು, ತಿರುಗುವುದು, ವೇಗ ಬದಲಿಸಿ ನಡೆಯುವುದು, ಅಡ್ಡಿಯನ್ನು ದಾಟುವುದು, ಮೆಟ್ಟಿಲು ಹತ್ತಿ ಇಳಿಯುವುದು ಹೀಗೆ ಕಷ್ಟ ಹೆಚ್ಚುತ್ತ ಹೋಗುತ್ತದೆ. ಕೃತಕ ಕಾಲು ಧರಿಸಿ ಮಾಡಿದರೆ ಗರಿಷ್ಠ 47 ಅಂಕ, ಧರಿಸದೆ ಮಾಡಿದರೆ 43. ಕಾಲು ಜೋಡಿಸುವ ಮುಂಚೆಯೇ ಮಾಡಬಹುದಾದ ಕಾರಣ ಯಾವ ಬಗೆಯ ಪಾದ ಮತ್ತು ಮಂಡಿ ಈತನಿಗೆ ಹೊಂದೀತು ಎಂಬ ಅಂದಾಜಿಗೂ ಇದು ಒದಗುತ್ತದೆ.

ಬಂದ ಅಂಕವನ್ನು ‘ಕೆ’ ಮಟ್ಟಗಳಿಗೆ ಹೊಂದಿಸುತ್ತಾರೆ. ಕೆ0 ಎಂದರೆ ಕೃತಕ ಕಾಲಿನಿಂದ ಚಲನೆಗೆ ಪ್ರಯೋಜನವಾಗದ ಸ್ಥಿತಿ. ಕೆ1ರವರು ಮನೆಯೊಳಗೆ, ಸಮತಟ್ಟಾದ ನೆಲದ ಮೇಲೆ ಓಡಾಡುವವರು. ಕೆ2ರವರು ಹೊರಗೆ ಬಂದು ಸಣ್ಣಪುಟ್ಟ ಅಡ್ಡಿಗಳನ್ನು ದಾಟಬಲ್ಲರು, ಕೆ3ರವರು ವೇಗವನ್ನು ಬೇಕಾದಂತೆ ಬದಲಿಸಬಲ್ಲರು, ಕೆ4ರವರು ಓಟ ಜಿಗಿತಗಳ ಆಘಾತವನ್ನು ತಡೆದುಕೊಳ್ಳಬಲ್ಲರು. ಕೃತಕ ಕಾಲು ಧರಿಸಿ 27ರಿಂದ 36 ಅಂಕ ಬಂದರೆ ಕೆ2, 37ರಿಂದ 42 ಬಂದರೆ ಕೆ3, 43ರಿಂದ 47 ಬಂದರೆ ಕೆ4.

ಮೇಲೆ ಹೇಳಿದ ತೊಡಕು ಇಲ್ಲಿ ಕಣ್ಣಿಗೆ ಬೀಳುತ್ತದೆ. ಕೆ4ಕ್ಕೆ ಉಳಿದಿರುವುದು ಐದೇ ಅಂಕಗಳ ಪಟ್ಟಿ. ಮಾರುಕಟ್ಟೆಯಲ್ಲಿ ಆಸರೆಯಿಲ್ಲದೆ ಸಲೀಸಾಗಿ ಓಡಾಡುವವನಿಗೂ ಮೈದಾನದಲ್ಲಿ ಓಡಬಲ್ಲವನಿಗೂ ಒಂದೇ 47 ಬರಬಹುದು. ಅಂಕ 43 ದಾಟಿದ ಯುವಕನಿಗೆ ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಿ ಅವನ ಹೊತ್ತನ್ನು ಹಾಳುಮಾಡಬೇಡಿ.

ಆರು ನಿಮಿಷಗಳ ನಡಿಗೆ

ಯಾವುದೇ ವಯಸ್ಸಿನವರಿಗೂ ಹೊಂದುವ, ಖರ್ಚಿಲ್ಲದ, ಎಲ್ಲಿಗೆ ಕಳಿಸಿದರೂ ವೈದ್ಯರು ಅರ್ಥಮಾಡಿಕೊಳ್ಳುವ ಪರೀಕ್ಷೆ ಇದೊಂದೇ ಎಂದರೂ ತಪ್ಪಿಲ್ಲ. ಆದರೆ ಸುಲಭವೆಂಬ ಕಾರಣಕ್ಕೇ ಇದನ್ನು ಅಡ್ಡಾದಿಡ್ಡಿಯಾಗಿ ಮಾಡುವವರು ಹೆಚ್ಚು.

ಅಮೆರಿಕನ್ ಥೊರಾಸಿಕ್ ಸೊಸೈಟಿಯ 2002ರ ಮಾರ್ಗಸೂಚಿ 30 ಮೀಟರ್ ಉದ್ದದ, ಸಮತಟ್ಟಾದ, ಗಟ್ಟಿ ನೆಲದ ದಾರಿಯನ್ನು ಕೇಳುತ್ತದೆ. ದವಾಖಾನೆಯಲ್ಲಿ ಅಷ್ಟು ಉದ್ದದ ಪಡಸಾಲೆ ಇಲ್ಲದಿದ್ದರೆ ಶಾಲೆಯ ಪಡಸಾಲೆಯನ್ನೋ ಖಾಲಿಯಿರುವ ಕಲ್ಯಾಣ ಮಂಟಪವನ್ನೋ ಬಳಸಬಹುದು. ಟೇಪಿನಿಂದ ಅಳೆದು ಪ್ರತಿ 3 ಮೀಟರಿಗೊಂದು ಗುರುತು ಹಾಕಿ, ಎರಡೂ ತುದಿಯಲ್ಲಿ ಕೋನ್ ಇಡಿ, ದಣಿದಾಗ ಕೂರಲು ಪಕ್ಕದಲ್ಲೊಂದು ಕುರ್ಚಿ ಇರಲಿ. ದಾರಿ ಗಿಡ್ಡವಾದಷ್ಟೂ ತಿರುವುಗಳು ಹೆಚ್ಚುತ್ತವೆ. ಕೃತಕ ಕಾಲಿನವರಿಗೆ ನೇರ ನಡಿಗೆಗಿಂತ ತಿರುವೇ ಕಷ್ಟವಾದುದರಿಂದ 15 ಮೀಟರ್ ದಾರಿಯಲ್ಲಿ ಬಂದ ದೂರವನ್ನು 30 ಮೀಟರ್ ದಾರಿಯ ದೂರದೊಂದಿಗೆ ಹೋಲಿಸಲಾಗದು. ಗಿಡ್ಡ ದಾರಿಯೇ ಗತಿಯಾದರೆ ಪ್ರತಿ ಸಲವೂ ಅದೇ ದಾರಿಯಲ್ಲಿ ನಡೆಸಿ.

ಆರಂಭಕ್ಕೆ ಮುಂಚೆ ಹತ್ತು ನಿಮಿಷ ಕೂರಿಸಿ, ನಾಡಿ ಮತ್ತು ರಕ್ತದೊತ್ತಡ ನೋಡಿ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾಗಿದ್ದರೆ ಅಥವಾ ಸ್ಥಿರವಲ್ಲದ ಎದೆನೋವು ಇದ್ದರೆ ಪರೀಕ್ಷೆ ಮಾಡಲೇಬಾರದು. ವಿಶ್ರಾಂತಿಯಲ್ಲಿಯೇ ನಾಡಿ 120 ಮೀರಿದ್ದರೆ, ರಕ್ತದೊತ್ತಡ ಮೇಲಿನದು 180 ಅಥವಾ ಕೆಳಗಿನದು 100 ಮೀರಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಸಕ್ಕರೆ ಕಾಯಿಲೆಯಿಂದ ಕಾಲು ಹೋದ ಪಿಂಚಣಿದಾರರಲ್ಲಿ ಹೃದಯದ ರಕ್ತನಾಳಗಳೂ ಕೆಟ್ಟಿರುವ ಸಂಭವ ಹೆಚ್ಚು. ಅವರಲ್ಲಿ ಈ ಹಂತವನ್ನು ಹಾರಿಸುವುದು ಹುಡುಗಾಟವಾದೀತು.

ಸೂಚನೆ ಒಂದೇ: ಆರು ನಿಮಿಷದಲ್ಲಿ ಆದಷ್ಟು ಹೆಚ್ಚು ದೂರ ನಡೆಯಬೇಕು, ಓಡಬಾರದು, ಬೇಕಾದರೆ ನಿಲ್ಲಬಹುದು, ಆದರೆ ಗಡಿಯಾರ ನಿಲ್ಲುವುದಿಲ್ಲ. ಪ್ರತಿ ನಿಮಿಷಕ್ಕೊಮ್ಮೆ ಮಾತ್ರ, ಅದೂ ಮೊದಲೇ ಗೊತ್ತುಮಾಡಿದ ಮಾತಿನಲ್ಲಿ, ಸಮದನಿಯಲ್ಲಿ ಹುರಿದುಂಬಿಸಬೇಕು. ‘ಚಲೋ ನಡದೀರಿ ಸಾಹೇಬ್ರ, ಇನ್ನ ಐದು ನಿಮಿಷ ಅದಾವ್ರಿ’ ಎಂಬಷ್ಟು ಸಾಕು. ಒಂದು ಸಲ ಸುಮ್ಮನಿದ್ದು ಇನ್ನೊಂದು ಸಲ ‘ಶಾಬಾಶ್, ಇನ್ನೂ ಜೋರ್ ಬರ್‍ರಿ’ ಎಂದು ಕೂಗಿದರೆ ನಡಿಗೆಯ ದೂರ ನಿಮ್ಮ ಗಂಟಲಿನಿಂದಲೇ ಹೆಚ್ಚುತ್ತದೆ, ಅದರಲ್ಲಿಯೂ ಆಜ್ಞೆಗೆ ಓಗೊಡುವುದನ್ನೇ ಕಲಿತವರಲ್ಲಿ. ಅವರ ಪಕ್ಕದಲ್ಲಿ ನಡೆಯಬೇಡಿ, ಮುಂದೆ ನಡೆಯಲೇಬೇಡಿ; ಬೀಳುವ ಭಯವಿದ್ದರೆ ಅರ್ಧ ಹೆಜ್ಜೆ ಹಿಂದೆ, ಕೃತಕ ಕಾಲಿನ ಬದಿಗೆ ಇರಿ. ಮನೆಯವರು ತುದಿಯಲ್ಲಿ ನಿಂತು ಕರೆಯುವುದನ್ನೂ ವಿನಯದಿಂದಲೇ ತಪ್ಪಿಸಿ.

ಒಂದು ಸುತ್ತು ಎಂದರೆ 60 ಮೀಟರ್. ಐದು ಸುತ್ತು ಮುಗಿಸಿ ಆರನೆಯದರಲ್ಲಿ 12 ಮೀಟರ್ ಬಂದಾಗ ಹೊತ್ತು ಮುಗಿದರೆ 312 ಮೀಟರ್ ಎಂದು ಬರೆಯಿರಿ. ಎಷ್ಟು ಸಲ ನಿಂತರು, ಏಕೆ ನಿಂತರು ಎಂಬುದೂ ಇರಲಿ. ಉಸಿರು ಸಾಲದೆ ನಿಂತುದಕ್ಕೂ ಸಾಕೆಟ್ ಒತ್ತಿ ನಿಂತುದಕ್ಕೂ ಉಪಾಯ ಬೇರೆ ಬೇರೆ. ಆರು ನಿಮಿಷ ತಾಳಲಾರದವರಿಗೆ ಎರಡು ನಿಮಿಷಗಳ ನಡಿಗೆಯನ್ನು ಇದೇ ಕ್ರಮದಲ್ಲಿ ಮಾಡಿಸಬಹುದು.

ಕುರ್ಚಿಯಿಂದ ಎದ್ದು ಬರುವ ಪರೀಕ್ಷೆಗಳು

ವಯಸ್ಸಾದ ಮಾಜಿ ಸೈನಿಕರಿಗೆ ಬೀಳುವ ಭಯವೇ ದೊಡ್ಡದು. ಅವರಿಗೆ ‘ಟೈಮ್ಡ್ ಅಪ್ ಆ್ಯಂಡ್ ಗೋ’ ಪರೀಕ್ಷೆ ಸಾಕು: ಸುಮಾರು 46 ಸೆಂಟಿಮೀಟರ್ ಎತ್ತರದ, ಕೈಯುಳ್ಳ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಮೊಣಕಾಲ ಕೆಳಗೆ ಕಾಲು ಕಳೆದುಕೊಂಡವರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇದಕ್ಕೆ 19 ಸೆಕೆಂಡು ಅಥವಾ ಹೆಚ್ಚು ಹಿಡಿಯುವವರು ಪದೇಪದೇ ಬೀಳುವ ಸಂಭವ ಹೆಚ್ಚು. ಯಾವ ಬದಿಗೆ ತಿರುಗಿದರು ಎಂದು ಬರೆಯುವುದನ್ನು ಮರೆಯಬೇಡಿ. ಸ್ವಲ್ಪ ಗಟ್ಟಿಗರಿಗೆ ‘ಎಲ್’ ಆಕಾರದ ದಾರಿಯಲ್ಲಿ ಹೋಗಿ ಬರುವ, ಒಟ್ಟು 20 ಮೀಟರಿನ ಎಲ್ ಟೆಸ್ಟ್ ಹೆಚ್ಚು ಹೊಂದುತ್ತದೆ, ಏಕೆಂದರೆ ಅದರಲ್ಲಿ ಎಡಬಲ ಎರಡೂ ಬದಿಯ ತಿರುವುಗಳು ಬರುತ್ತವೆ.

ಜವಾನರಿಗಾಗಿಯೇ ಇರುವ ಪರೀಕ್ಷೆ

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಕಾಲು ಕಳೆದುಕೊಂಡ ಅಮೆರಿಕದ ಯುವ ಸೈನಿಕರು ಹಳೆಯ ಪರೀಕ್ಷೆಗಳ ಮಿತಿಯನ್ನು ಮೀರುತ್ತಿದ್ದರು. ಗೇಲಿ ಮತ್ತು ಸಂಗಡಿಗರು ಅವರಿಗಾಗಿ ರೂಪಿಸಿ 2013ರಲ್ಲಿ ಪ್ರಕಟಿಸಿದ್ದು ‘ಚಾಂಪ್’ (ಕಾಂಪ್ರಹೆನ್ಸಿವ್ ಹೈ-ಲೆವೆಲ್ ಆ್ಯಕ್ಟಿವಿಟಿ ಮೊಬಿಲಿಟಿ ಪ್ರೆಡಿಕ್ಟರ್) ಎಂಬ ಪರೀಕ್ಷೆ. ಇದರಲ್ಲಿ ನಾಲ್ಕು ಭಾಗಗಳಿದ್ದು, ಪ್ರತಿ ಭಾಗದ ಫಲಿತಾಂಶವನ್ನು ಕೋಷ್ಟಕದ ಸಹಾಯದಿಂದ 10 ಅಂಕಗಳಿಗೆ ಇಳಿಸಿ ಒಟ್ಟು 40ಕ್ಕೆ ಲೆಕ್ಕ ಹಾಕುತ್ತಾರೆ. 47ಕ್ಕೆ 47 ಪಡೆದ ಜವಾನನೂ ಇಲ್ಲಿ ಬೆವರು ಹರಿಸಬೇಕಾಗುತ್ತದೆ.

ಮೊದಲನೆಯದು ಒಂಟಿ ಕಾಲಿನ ಮೇಲೆ ನಿಲ್ಲುವುದು, ಒಂದೊಂದು ಬದಿಗೆ 30 ಸೆಕೆಂಡಿನವರೆಗೆ. ಕೃತಕ ಕಾಲಿನ ಮೇಲೆ ಒಂದೆರಡು ಸೆಕೆಂಡು ಮಾತ್ರ ನಿಂತವನನ್ನು ಸೋತವನೆಂದು ಕಾಣಬಾರದು. ತೊಡೆಯಲ್ಲಿ ಕಾಲು ಹೋದವರಲ್ಲಿ ಅದು ಸಾಮಾನ್ಯ. ಎರಡನೆಯದು ಎಡ್‌ಗ್ರೆನ್ ಪಕ್ಕಹೆಜ್ಜೆ ಪರೀಕ್ಷೆ: ನೆಲದ ಮೇಲೆ 4 ಮೀಟರ್ ಅಗಲದಲ್ಲಿ ಮೀಟರಿಗೊಂದರಂತೆ ಗೆರೆ ಎಳೆದು, ಕಾಲುಗಳನ್ನು ಒಂದರ ಮೇಲೊಂದು ದಾಟಿಸದೆ ಎಡಕ್ಕೂ ಬಲಕ್ಕೂ ಪಕ್ಕಕ್ಕೆ ಸರಿಯುತ್ತ 10 ಸೆಕೆಂಡಿನಲ್ಲಿ ಎಷ್ಟು ಮೀಟರ್ ಆಯಿತೆಂದು ಎಣಿಸುವುದು. ಎಣಿಸುವವನ ಕಣ್ಣು ಗೆರೆಯ ಮೇಲಿರಲಿ, ಗಡಿಯಾರಕ್ಕೆ ಇನ್ನೊಬ್ಬರು ಬೇಕು. ಮೂರನೆಯದು ‘ಟಿ’ ಆಕಾರದ ದಾರಿ: 10 ಮೀಟರ್ ಮುಂದಕ್ಕೆ, 5 ಮೀಟರ್ ಒಂದು ಪಕ್ಕಕ್ಕೆ, 10 ಮೀಟರ್ ಇನ್ನೊಂದು ಪಕ್ಕಕ್ಕೆ, 5 ಮೀಟರ್ ಮರಳಿ ನಡುವಿಗೆ, ಕೊನೆಗೆ 10 ಮೀಟರ್ ಹಿಮ್ಮುಖವಾಗಿ. ಹಿಮ್ಮುಖದ ಆ ಹತ್ತು ಮೀಟರಿನಲ್ಲಿಯೇ ಹೆಚ್ಚಿನವರು ಎಡವುತ್ತಾರಾದ್ದರಿಂದ ಅಂತ್ಯದ ಗೆರೆಯ ಹಿಂದೆ ಒಬ್ಬರು ನಿಂತಿರಬೇಕು. ನಾಲ್ಕನೆಯದು ಇಲಿನಾಯ್ ಚುರುಕುತನದ ಪರೀಕ್ಷೆ: 10 ಮೀಟರ್ ಉದ್ದ, 5 ಮೀಟರ್ ಅಗಲದ ಅಂಕಣದ ನಡುವೆ 3.3 ಮೀಟರಿಗೊಂದರಂತೆ ನಾಲ್ಕು ಕೋನ್ ಇಟ್ಟು, ನೇರ ಓಟವನ್ನೂ ಕೋನ್‌ಗಳ ನಡುವಿನ ಹಾವುನಡೆಯನ್ನೂ ಸೇರಿಸಿ ಹಿಡಿದ ಸಮಯವನ್ನು ಅಳೆಯುವುದು. ಓಡಲು ಬಾರದವನು ತನ್ನಿಂದಾದಷ್ಟು ವೇಗವಾಗಿ ನಡೆಯಲಿ.

ಇದಕ್ಕೆ ಬಾಸ್ಕೆಟ್‌ಬಾಲ್ ಅಂಕಣದಂಥ ಜಾಗ ಬೇಕು. ನಾಲ್ಕೂ ಭಾಗಗಳು ಅದರಲ್ಲಿ ಹಿಡಿಸುತ್ತವೆ. ಬೆಳಗಾವಿಯ ಮಳೆಗಾಲದಲ್ಲಿ ಬಯಲು ಅಂಕಣದ ಆಸೆ ಬಿಡಿ, ಹಸಿ ಸಿಮೆಂಟಿನ ಮೇಲೆ ಪಕ್ಕಹೆಜ್ಜೆ ಹಾಕಿಸುವುದು ಬೀಳಿಸುವುದಕ್ಕೆ ಸಮ. ಪರೀಕ್ಷೆಗೆ ಮುಂಚೆ ಪಿನ್, ಬೋಲ್ಟು, ಪಾದದ ಜೋಡಣೆ ಎಲ್ಲವನ್ನೂ ಕೈಯಿಂದ ಅಲುಗಿಸಿ ನೋಡಿ.

ಕಾಲಿಲ್ಲದಿದ್ದರೂ ಸೇವೆಯಲ್ಲಿ ಮುಂದುವರಿಯಲು ಬಯಸುವವರಿಗೆ ಇಂಥ ಅಂಕಿಗಳ ಬೆಲೆ ಹೆಚ್ಚು. 1971ರ ಯುದ್ಧದಲ್ಲಿ ನೆಲಬಾಂಬು ತುಳಿದು ಕಾಲು ಕಳೆದುಕೊಂಡ ಗೂರ್ಖಾ ರೈಫಲ್ಸ್‌ನ ಇಯಾನ್ ಕಾರ್ಡೋಜೊ ಆಮೇಲೆ ಪದಾತಿ ಬೆಟಾಲಿಯನ್ನಿನ ನೇತೃತ್ವ ವಹಿಸಿ, ಮೇಜರ್ ಜನರಲ್ ಹುದ್ದೆಗೇರಿದರು. ನಿರ್ಧಾರ ವೈದ್ಯಕೀಯ ಮಂಡಳಿಯದು, ನಮ್ಮ ಹಾಳೆ ಬರಿಯ ಸಾಕ್ಷ್ಯ. ಆದರೆ ‘ಉತ್ತಮ’ ಎಂಬ ಷರಾಕ್ಕಿಂತ ದಿನಾಂಕ ಸಹಿತವಾದ ನಾಲ್ಕು ಅಂಕಿಗಳು ಗಟ್ಟಿ ಸಾಕ್ಷ್ಯ. ಹಾಗೆಂದು ಚಲನಶಕ್ತಿಯನ್ನು ಒಟ್ಟು ದೇಹಶಕ್ತಿಯೆಂದು ತಿಳಿಯಬಾರದು. ಸ್ಫೋಟದಲ್ಲಿ ಕಾಲು ಕಳೆದುಕೊಂಡ ಸೈನಿಕ ಹೊಕಾಟೊ ಸೆಮಾ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಕಂಚು ಗೆದ್ದದ್ದು ಕುಳಿತೇ ಗುಂಡು ಎಸೆಯುವ ಎಫ್57 ವಿಭಾಗದಲ್ಲಿ. ಅಂಥ ತೋಳಿನ ಬಲ ನಡಿಗೆಯ ಯಾವ ಪರೀಕ್ಷೆಗೂ ಸಿಕ್ಕುವುದಿಲ್ಲ.

ಕೇಳಿ ತಿಳಿಯುವುದು

ಪಡಸಾಲೆಯಲ್ಲಿ ಏನು ಮಾಡಬಲ್ಲರು ಎಂಬುದು ಒಂದು, ಮನೆಯಲ್ಲಿ ಏನು ಮಾಡುತ್ತಾರೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಪ್ರಶ್ನಾವಳಿಗಳಿವೆ. ಒಂದು ಕಾಲಿಗೆ ಕೃತಕ ಕಾಲು ಧರಿಸುವವರಿಗಾಗಿ ಇರುವ ‘ಪ್ಲಸ್-ಎಂ’ನ 12 ಪ್ರಶ್ನೆಗಳ ರೂಪದಲ್ಲಿ 50 ಎಂದರೆ ಸರಾಸರಿ. 14 ಚಟುವಟಿಕೆಗಳ ‘ಲೋಕೊಮೋಟರ್ ಕೇಪಬಿಲಿಟೀಸ್ ಇಂಡೆಕ್ಸ್’ ಐದು ಹಂತಗಳ ರೂಪದಲ್ಲಿ 56 ಅಂಕಗಳದು. ಪ್ರಶ್ನೆಗಳನ್ನು ಬಾಯಿಗೆ ಬಂದಂತೆ ಕನ್ನಡಿಸಿ ಅಂಕ ಹಾಕಬೇಡಿ, ಆ ಅಂಕಕ್ಕೆ ಅರ್ಥವಿರುವುದಿಲ್ಲ. ಫೌಜಿಯವರು ‘ಏನೂ ತ್ರಾಸಿಲ್ಲ’ ಎನ್ನುವುದನ್ನೂ ಮನೆಯವರು ಹಿಂದೆ ನಿಂತು ತಲೆಯಾಡಿಸುವುದನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಮೊಬೈಲಿನ ಹೆಜ್ಜೆ ಎಣಿಕೆಯನ್ನು ನಾನು ನಂಬುವುದಿಲ್ಲ. ನಿಧಾನವಾಗಿ, ಎಳೆದು ಹಾಕಿದ ಹೆಜ್ಜೆಗಳನ್ನು ಅದು ಬಿಟ್ಟುಬಿಡುತ್ತದೆ.

ನಮ್ಮ ಭಾಗದ ಬದುಕಿಗೆ ಬೇಕಾದ ಕೆಲವನ್ನು ಮೇಲಿನ ನಡಿಗೆಯ ಪರೀಕ್ಷೆಗಳು ಕೇಳುವುದೇ ಇಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ಏಳುವುದು, ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವುದು, ಮಳೆ ಬಿದ್ದ ಎರೆ ಹೊಲದಲ್ಲಿ ಮಣ್ಣು ಮೆತ್ತಿ ಭಾರವಾದ ಪಾದವನ್ನು ಕಿತ್ತು ಮುಂದಿಡುವುದು ಇವೇ ಇಲ್ಲಿನ ನಿಜವಾದ ಪರೀಕ್ಷೆಗಳು. 1968ರ ಸುಮಾರಿಗೆ ರೂಪುಗೊಂಡ ಜೈಪುರ ಪಾದವು ಬರಿಗಾಲಿನ ನಡಿಗೆಗೂ ನೆಲದ ಮೇಲೆ ಕೂರುವುದಕ್ಕೂ ಅನುಕೂಲವಾದುದರಿಂದಲೇ ಹಳ್ಳಿಗರಿಗೆ ಒಗ್ಗಿತು. ನೆಲದಿಂದ ಏಳಲು ಹಿಡಿದ ಸೆಕೆಂಡು, ಕೈ ಊರಿದರೋ ಇಲ್ಲವೋ, ಬಸ್ಸಿಗೆ ಯಾವ ಕಾಲನ್ನು ಮೊದಲು ಇಟ್ಟರು ಎಂಬುದನ್ನು ಹಾಳೆಯ ಕೆಳಗೆ ಟಿಪ್ಪಣಿಯಾಗಿ ಬರೆಯಿರಿ. ಆದರೆ ಮೇಲಿನ ಯಾವ ಅಂಕಕ್ಕೂ ಇದನ್ನು ಕೂಡಿಸಬೇಡಿ.

ಬದಲಾವಣೆಯನ್ನು ಓದುವುದು

ಒಬ್ಬನೇ ವ್ಯಕ್ತಿಯನ್ನು ಬೇರೆ ಬೇರೆ ದಿನ ಅಳೆದರೆ, ಏನೂ ಬದಲಾಗದಿದ್ದರೂ ಅಂಕಿ ಸ್ವಲ್ಪ ಹೆಚ್ಚುಕಡಿಮೆ ಬರುತ್ತದೆ. ಕಾಲು ಕಳೆದುಕೊಂಡವರಲ್ಲಿ ಈ ಏರಿಳಿತದ ಮಿತಿ ಎಷ್ಟೆಂದು 2011ರಲ್ಲಿ ಲಿಂಡಾ ರೆಸ್ನಿಕ್ ಮತ್ತು ಮ್ಯಾಥ್ಯೂ ಬೋರ್ಜಿಯಾ ಲೆಕ್ಕಹಾಕಿದ್ದಾರೆ: ಆರು ನಿಮಿಷದ ನಡಿಗೆಗೆ 45 ಮೀಟರ್, ಎರಡು ನಿಮಿಷದ್ದಕ್ಕೆ 34.3 ಮೀಟರ್, ಟೈಮ್ಡ್ ಅಪ್ ಆ್ಯಂಡ್ ಗೋ ಪರೀಕ್ಷೆಗೆ 3.6 ಸೆಕೆಂಡು, ಆಂಪ್ಯುಟಿ ಮೊಬಿಲಿಟಿ ಪ್ರೆಡಿಕ್ಟರಿಗೆ 3.4 ಅಂಕ. ಮೊದಲ ಸಲ 312 ಮೀಟರ್ ನಡೆದವರು ಮೂರು ತಿಂಗಳ ನಂತರ 340 ನಡೆದರೆ 28 ಮೀಟರಿನ ಆ ವ್ಯತ್ಯಾಸವನ್ನು ಸುಧಾರಣೆಯೆಂದು ದಾಖಲಿಸುವಂತಿಲ್ಲ; 360 ದಾಟಿದರೆ ದಾಖಲಿಸಬಹುದು. ಇಳಿಕೆಗೂ ಇದೇ ನಿಯಮ. 45 ಮೀಟರಿಗಿಂತ ಹೆಚ್ಚು ಇಳಿದಿದ್ದರೆ ವ್ಯಾಯಾಮ ಹೆಚ್ಚಿಸುವ ಮುಂಚೆ ಸಾಕೆಟ್ ಸಡಿಲಾಗಿದೆಯೇ, ತೂಕ ಬದಲಾಗಿದೆಯೇ, ಇನ್ನೊಂದು ಕಾಲಿನ ಮೊಣಕಾಲೋ ಸೊಂಟವೋ ನೋಯುತ್ತಿದೆಯೇ ಎಂದು ನೋಡಿ.

ಹೊಸ ಸಾಕೆಟ್ ಅಥವಾ ಹೊಸ ಪಾದ ಬಂದಾಗ ಹಳೆಯದರಲ್ಲಿ ಒಮ್ಮೆ ಅಳೆದು, ಹೊಸದಕ್ಕೆ ಕೆಲವು ವಾರ ಒಗ್ಗಿಕೊಂಡ ಮೇಲೆ ಮತ್ತೆ ಅಳೆಯಿರಿ. ಅಳೆಯುವವರು ಒಬ್ಬರೇ ಆದರೆ ಒಳ್ಳೆಯದು. ಹಾಳೆಯ ಒಂದು ಪ್ರತಿ ನಿಮ್ಮ ಕಡತದಲ್ಲಿರಲಿ, ಇನ್ನೊಂದನ್ನು ಅವರ ಕೈಗೆ ಕೊಟ್ಟು ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ಕಿಗೂ ಮುಂದಿನ ಸಲ ಪುಣೆಗೂ ಹೋಗುವಾಗ ಒಯ್ಯುವಂತೆ ಹೇಳಿ. ಸಾಕ್ಸಿನ ಪ್ಲೈ ಮತ್ತು ಪರೀಕ್ಷೆಯ ಹೊತ್ತು ಆ ಪ್ರತಿಯ ಮೇಲೂ ಕಾಣುವಂತಿರಲಿ.